ಬೆಂಚ್‌ಮಾರ್ಕ್ ಅಂಕದ ಪಕ್ಕದಲ್ಲಿ ಆಪರೇಟಿಂಗ್ ಸಿಸ್ಟಂನ ಹೆಸರೂ ಅಚ್ಚಾಗಲಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಹೊಸ ಲ್ಯಾಪ್‌ಟಾಪ್‌ಗಳನ್ನು ಪರಿಚಯಿಸುವಾಗ ಪ್ರತಿಯೊಂದರ ಮುಂದೆ ಒಂದು ಬೆಂಚ್‌ಮಾರ್ಕ್ ಅಂಕವನ್ನು ಕೊಟ್ಟು, ಅಂಕದ ಕ್ರಮದಲ್ಲೇ ಯಂತ್ರಗಳನ್ನು ಮೇಲಿನಿಂದ ಕೆಳಗೆ ಜೋಡಿಸುವ ರೂಢಿ ಕೆಲವು ತಿಂಗಳಿಂದ ನಡೆದು ಬಂದಿದೆ. ಅಂಗಡಿಗೆ ಹೊರಟವರಿಗೆ ಅದರಿಂದ ಅನುಕೂಲವಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಆ ಪಟ್ಟಿಯಲ್ಲಿ ವಿಂಡೋಸ್ ಯಂತ್ರಗಳು, ಆಪಲ್‌ನ ಮ್ಯಾಕ್‌ಗಳು, ಲಿನಕ್ಸ್ ಹಾಕಿ ಪರೀಕ್ಷಿಸಿದ ಒಂದೆರಡು ಯಂತ್ರಗಳು ಎಲ್ಲವೂ ಒಂದೇ ಪಂಕ್ತಿಯಲ್ಲಿ ಕುಳಿತಿರುತ್ತವೆ. ಯಾವ ಅಂಕ ಯಾವ ಆಪರೇಟಿಂಗ್ ಸಿಸ್ಟಂನ ಮೇಲೆ ಬಂದದ್ದು ಎಂಬುದು ಮಾತ್ರ ಎಲ್ಲಿಯೂ ಕಾಣುವುದಿಲ್ಲ. ಪಾಲಿಟೆಕ್ನಿಕ್ ಒಂದರ ಕಂಪ್ಯೂಟರ್ ವಿಭಾಗದಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತನಾದ ನನಗೆ ಈ ಕೊರತೆ ಸಣ್ಣದಾಗಿ ತೋರುವುದಿಲ್ಲ.

ಕಳೆದ ತಿಂಗಳು ನಮ್ಮ ಬೀದಿಯ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ತನ್ನ ಲ್ಯಾಪ್‌ಟಾಪನ್ನು ಹಿಡಿದುಕೊಂಡು ಮನೆಗೆ ಬಂದಿದ್ದ. ‘ಸರ್, ಯಂತ್ರ ಒಂದೇ. ವಿಂಡೋಸ್‌ನಲ್ಲಿ ಒಂದು ಅಂಕ ಬರುತ್ತದೆ, ಲಿನಕ್ಸ್‌ನ ಒಂದು ರೂಪವಾದ ಉಬುಂಟು ಹಾಕಿದರೆ ಅದಕ್ಕಿಂತ ಕಡಿಮೆ ಬರುತ್ತದೆ. ಇದರಲ್ಲಿ ಯಾವುದನ್ನು ನಂಬಲಿ?’ ಎಂದು ಕೇಳಿದ. ಎರಡನ್ನೂ ನಂಬಬಹುದು ಎಂದಾಗ ಅವನಿಗೆ ಸಮಾಧಾನವಾಗಲಿಲ್ಲ. ಅವನಿಗೆ ಅಂದು ಅರ್ಧಂಬರ್ಧ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಬೆಂಚ್‌ಮಾರ್ಕ್ ತಂತ್ರಾಂಶವು ಗೊತ್ತುಮಾಡಿದ ಕೆಲವು ಕೆಲಸಗಳನ್ನು ಯಂತ್ರದಿಂದ ಮಾಡಿಸಿ, ಹಿಡಿದ ಕಾಲವನ್ನು ಅಳೆದು, ಅದನ್ನು ಒಂದು ಮಾದರಿ ಯಂತ್ರದ ಕಾಲಕ್ಕೆ ಹೋಲಿಸಿ ಸಂಖ್ಯೆಯಾಗಿ ಹೇಳುತ್ತದೆ. 2023ರಲ್ಲಿ ಬಂದ ಗೀಕ್‌ಬೆಂಚ್ 6ರಲ್ಲಿ ಇಂಟೆಲ್‌ನ ಕೋರ್ ಐ7-12700 ಪ್ರೊಸೆಸರ್ ಇರುವ ಯಂತ್ರಕ್ಕೆ 2500 ಅಂಕವೆಂದು ಇಟ್ಟುಕೊಂಡಿದ್ದಾರೆ. 5000 ಬಂದ ಯಂತ್ರ ಅದರ ಎರಡರಷ್ಟು ಬೇಗ ಕೆಲಸ ಮುಗಿಸಿತು ಎಂದು ಅರ್ಥ. ಈ ಸಂಖ್ಯೆಯನ್ನು ನಾವು ಪ್ರೊಸೆಸರ್‌ನ ಗುಣವೆಂದು ಓದುತ್ತೇವೆ. ಆದರೆ ಯಾವ ತಂತ್ರಾಂಶವೂ ಎಲ್ಲದಕ್ಕೂ ನೇರವಾಗಿ ಪ್ರೊಸೆಸರ್‌ನ ಬಾಗಿಲು ತಟ್ಟುವುದಿಲ್ಲ. ತನಗೆ ಬೇಕಾದ ಮೆಮೊರಿ, ಕಡತಗಳು, ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕಗಳಾದ ಕೋರ್‌ಗಳ ಮೇಲಿನ ಸರದಿ, ಕೊನೆಗೆ ‘ಈಗ ಎಷ್ಟು ಹೊತ್ತಾಯಿತು’ ಎಂಬ ಉತ್ತರ, ಇವೆಲ್ಲವನ್ನೂ ಅದು ಆಪರೇಟಿಂಗ್ ಸಿಸ್ಟಂನಿಂದಲೇ ಕೇಳಿ ಪಡೆಯಬೇಕು. ಕೊಡುವ ಕೈ ಬದಲಾದಾಗ ಹಿಡಿಯುವ ಕಾಲವೂ ಬದಲಾಗುತ್ತದೆ.

ಮೊದಲು ಮೆಮೊರಿಯ ವಿಷಯ. ಪ್ರೋಗ್ರಾಂಗಳಿಗೆ ಮೆಮೊರಿಯನ್ನು ಪುಟಗಳ ಲೆಕ್ಕದಲ್ಲಿ ಹಂಚಲಾಗುತ್ತದೆ, ಮತ್ತು ನಮ್ಮ ಸಾಮಾನ್ಯ ಇಂಟೆಲ್ ಹಾಗೂ ಎಎಂಡಿ ಯಂತ್ರಗಳಲ್ಲಿ ಒಂದು ಪುಟ ಎಂದರೆ 4 ಕಿಲೋಬೈಟ್. ಒಂದು ಗಿಗಾಬೈಟ್ ದತ್ತಾಂಶವನ್ನು ಹೀಗೆ ಹಂಚಿದರೆ 2,62,144 ಪುಟಗಳಾಗುತ್ತವೆ. ಯಾವ ಪುಟ ಎಲ್ಲಿದೆ ಎಂಬ ವಿಳಾಸಗಳಲ್ಲಿ ಕೆಲವನ್ನು ಮಾತ್ರ ಪ್ರೊಸೆಸರ್ ತನ್ನ ಬಳಿ ಇಟ್ಟುಕೊಳ್ಳಬಲ್ಲದಾದ್ದರಿಂದ ಉಳಿದವುಗಳಿಗಾಗಿ ಮತ್ತೆ ಮತ್ತೆ ಕೋಷ್ಟಕ ತೆಗೆದು ನೋಡಬೇಕಾಗುತ್ತದೆ. ಅದೇ ಗಿಗಾಬೈಟನ್ನು 2 ಮೆಗಾಬೈಟಿನ ದೊಡ್ಡ ಪುಟಗಳಲ್ಲಿ ಹಂಚಿದರೆ ಲೆಕ್ಕ 512ಕ್ಕೆ ಇಳಿಯುತ್ತದೆ. ಲಿನಕ್ಸ್‌ನಲ್ಲಿ 2011ರಿಂದ ಈಚೆಗೆ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ತಾನಾಗಿಯೇ ದೊಡ್ಡ ಪುಟಗಳನ್ನು ಕೊಡುವ ಏರ್ಪಾಡಿದೆ. ವಿಂಡೋಸ್‌ನಲ್ಲಿ ದೊಡ್ಡ ಪುಟ ಬೇಕಾದ ಪ್ರೋಗ್ರಾಂ ಅದನ್ನು ಕೇಳಿಯೇ ಪಡೆಯಬೇಕು, ಕೇಳುವ ಬಳಕೆದಾರನಿಗೆ ಅದರ ವಿಶೇಷ ಹಕ್ಕೂ ಇರಬೇಕು. ಆಪಲ್‌ನ ಎಂ ಸರಣಿಯ ಚಿಪ್‌ಗಳ ಮೇಲೆ ಮ್ಯಾಕ್ ಓಎಸ್ ಬಳಸುವ ಪುಟವೇ 16 ಕಿಲೋಬೈಟ್. ಮೆಮೊರಿಯ ತುಂಬ ಓಡಾಡುವ ಪರೀಕ್ಷೆಗಳಲ್ಲಿ ಈ ಒಂದು ಅಂಶವೇ ಅಂಕವನ್ನು ಮೇಲೆ ಕೆಳಗೆ ಮಾಡಬಲ್ಲದು.

ನಾವು ಬರೆದ ಪ್ರೋಗ್ರಾಂ ಅನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್‌ನ ಪಾಲೂ ಇದೆ. ಒಂದೇ ಮೂಲ ಪ್ರೋಗ್ರಾಂ ಆದರೂ ವಿಂಡೋಸ್‌ಗೆ ಮತ್ತು ಲಿನಕ್ಸ್‌ಗೆ ಬೇರೆ ಬೇರೆ ಯಂತ್ರಭಾಷೆಯಾಗಿ ಇಳಿಯುತ್ತದೆ. ಉದಾಹರಣೆಗೆ, 64 ಬಿಟ್ ವಿಂಡೋಸ್‌ನಲ್ಲಿ ಒಂದು ಫಂಕ್ಷನ್ನನ್ನು ಕರೆಯುವಾಗ ಮೊದಲ ನಾಲ್ಕು ಮೌಲ್ಯಗಳು ಮಾತ್ರ ಪ್ರೊಸೆಸರ್‌ನ ರಿಜಿಸ್ಟರ್‌ಗಳೆಂಬ ಅತಿ ವೇಗದ ಪುಟ್ಟ ಗೂಡುಗಳ ಮೂಲಕ ಹೋಗುತ್ತವೆ, ಲಿನಕ್ಸ್‌ನಲ್ಲಿ ಆರು ಪೂರ್ಣಾಂಕಗಳು ಹೋಗಬಹುದು. ಸಿ ಭಾಷೆಯ ‘ಲಾಂಗ್’ ಎಂಬ ಪೂರ್ಣಾಂಕ ವಿಂಡೋಸ್‌ನಲ್ಲಿ 32 ಬಿಟ್, ಲಿನಕ್ಸ್‌ನಲ್ಲಿ 64 ಬಿಟ್. ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನವರು ಆಕಳಿಸುತ್ತಿದ್ದರು, ಹೆಚ್ಚು ಬೆಳೆಸುವುದಿಲ್ಲ.

ಚಿತ್ರಗಳ ಲೋಕಕ್ಕೆ ಬಂದರೆ ಕಥೆ ಇನ್ನಷ್ಟು ಸ್ಪಷ್ಟವಾಗುತ್ತದೆ. 2012ರ ಆಗಸ್ಟ್‌ನಲ್ಲಿ ಅಮೆರಿಕದ ವಾಲ್ವ್ ಕಂಪನಿ ತನ್ನ ‘ಲೆಫ್ಟ್ 4 ಡೆಡ್ 2’ ಆಟವನ್ನು ಲಿನಕ್ಸ್‌ಗೆ ತರುವಾಗ ಕಂಡದ್ದನ್ನು ಪ್ರಕಟಿಸಿತು. ಇಂಟೆಲ್ ಕೋರ್ ಐ7 3930ಕೆ ಪ್ರೊಸೆಸರ್, ಎನ್‌ವಿಡಿಯಾ ಜಿಟಿಎಕ್ಸ್ 680 ಕಾರ್ಡ್, 32 ಗಿಗಾಬೈಟ್ ಮೆಮೊರಿ ಇದ್ದ ಯಂತ್ರದಲ್ಲಿ ಆ ಆಟ ವಿಂಡೋಸ್ 7ರ ಮೇಲೆ ಸೆಕೆಂಡಿಗೆ 270.6 ಚೌಕಟ್ಟುಗಳನ್ನು (ಫ್ರೇಮ್) ತೋರಿಸುತ್ತಿತ್ತು. ಉಬುಂಟು 12.04ರ ಮೇಲೆ ಮೊದಲ ಸಲ ಓಡಿಸಿದಾಗ ಬಂದದ್ದು ಬರೀ 6. ಆಟದ ಒಳಗನ್ನು ಲಿನಕ್ಸ್ ಕರ್ನಲ್‌ಗೆ ಮತ್ತು ಚಿತ್ರ ಬಿಡಿಸುವ ಆದೇಶಗಳ ಒಂದು ಕಟ್ಟಾದ ಓಪನ್‌ಜಿಎಲ್‌ಗೆ ಹೊಂದಿಸಿ, ಕಾರ್ಡ್ ತಯಾರಕರ ಜೊತೆ ಕುಳಿತು ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶಗಳನ್ನು ತಿದ್ದಿದ ಮೇಲೆ ಅದು 315ಕ್ಕೆ ಏರಿತು. ಅಲ್ಲಿಗೇ ನಿಲ್ಲಿಸಿದ್ದರೆ ‘ಲಿನಕ್ಸ್ ವಿಂಡೋಸನ್ನು ಸೋಲಿಸಿತು’ ಎಂಬ ಶೀರ್ಷಿಕೆಗೆ ಅಷ್ಟೇ ಸಾಕಾಗಿತ್ತು, ಅಂಥ ಶೀರ್ಷಿಕೆಗಳು ಆಗ ಬಂದವು ಕೂಡ. ಆದರೆ ವಾಲ್ವ್‌ನ ಇಂಜಿನಿಯರುಗಳು ಓಪನ್‌ಜಿಎಲ್ ಆವೃತ್ತಿಯನ್ನೇ ವಿಂಡೋಸ್‌ನಲ್ಲೂ ಓಡಿಸಿ ನೋಡಿದರು. ಆಗ ಬಂದದ್ದು 303.4. ಅಂದರೆ ಅಂತರದ ಬಹುಪಾಲು ವಿಂಡೋಸ್‌ನ ಕರ್ನಲ್‌ದಲ್ಲ, ಅಲ್ಲಿ ಆಟ ಮೊದಲು ಬಳಸುತ್ತಿದ್ದ, ವಿಂಡೋಸ್‌ನದ್ದೇ ಆದ ಡೈರೆಕ್ಟ್3ಡಿ ಮೂಲಕ ಚಿತ್ರದ ಆದೇಶಗಳನ್ನು ಕಾರ್ಡಿಗೆ ಕಳಿಸುವಾಗ ಪ್ರತಿ ಕಂತಿಗೂ ತಗುಲುತ್ತಿದ್ದ ಕೆಲವು ಮೈಕ್ರೋಸೆಕೆಂಡುಗಳದ್ದು. 6 ಮತ್ತು 315 ಎರಡೂ ಅದೇ ಯಂತ್ರದ, ಅದೇ ಉಬುಂಟುವಿನ ಸಂಖ್ಯೆಗಳು ಎಂಬುದನ್ನು ದಯವಿಟ್ಟು ಗಮನಿಸಬೇಕು.

ಇದಕ್ಕಿಂತ ನನಗೆ ಹೆಚ್ಚು ಪಾಠ ಕಲಿಸಿದ್ದು ಎಎಂಡಿಯ ಥ್ರೆಡ್‌ರಿಪ್ಪರ್ 2990ಡಬ್ಲ್ಯುಎಕ್ಸ್ ಪ್ರಕರಣ. 2018ರ ಆಗಸ್ಟ್‌ನಲ್ಲಿ ಮಾರುಕಟ್ಟೆಗೆ ಬಂದ ಆ ಪ್ರೊಸೆಸರ್‌ನಲ್ಲಿ 32 ಕೋರ್‌ಗಳಿದ್ದವು, ಎಂಟೆಂಟು ಕೋರ್‌ಗಳ ನಾಲ್ಕು ತುಂಡುಗಳಾಗಿ. ನಾಲ್ಕರಲ್ಲಿ ಎರಡು ತುಂಡುಗಳಿಗೆ ಮಾತ್ರ ಮೆಮೊರಿಯ ನೇರ ಸಂಪರ್ಕ. ಉಳಿದೆರಡು ತಮ್ಮ ದತ್ತಾಂಶವನ್ನು ಪಕ್ಕದವರ ಮೂಲಕ ತರಿಸಿಕೊಳ್ಳಬೇಕು. ವಿಂಡೋಸ್ 10ರ ಮೇಲೆ ಕೆಲವು ಪರೀಕ್ಷೆಗಳಲ್ಲಿ ಇದು ತನಗಿಂತ ಅಗ್ಗದ, ಅರ್ಧದಷ್ಟೇ ಕೋರ್‌ಗಳಿದ್ದ ತಮ್ಮನಿಗಿಂತಲೂ ಹಿಂದೆ ಬಿತ್ತು. ಲಿನಕ್ಸ್‌ನಲ್ಲಿ ಅದೇ ಕೆಲಸಗಳು ಬಹಳ ಬೇಗ ಮುಗಿಯುತ್ತಿದ್ದವು. ಮೆಮೊರಿಯ ಆ ವಕ್ರ ಜೋಡಣೆಯೇ ಕಾರಣ ಎಂದು ವಿಮರ್ಶಕರು ಬರೆದರು, ನಾನೂ ಹಾಗೆಯೇ ನಂಬಿದ್ದೆ. ಕೇಳಲು ಅಷ್ಟು ಸರಿಯಾಗಿ ಹೊಂದುವ ವಿವರಣೆ ಅದು.

2019ರ ಜನವರಿಯಲ್ಲಿ ಲೆವೆಲ್1ಟೆಕ್ಸ್ ಎಂಬ ತಂಡದವರು ಬೇರೆ ದಾರಿ ಹಿಡಿದರು. ನಾಲ್ಕೂ ತುಂಡುಗಳಿಗೆ ತಮ್ಮದೇ ಮೆಮೊರಿ ಇರುವ ಎಪಿಕ್ 7551 ಎಂಬ 32 ಕೋರ್‌ಗಳ ಸರ್ವರ್ ಪ್ರೊಸೆಸರನ್ನು ವಿಂಡೋಸ್ ಮೇಲೆ ಪರೀಕ್ಷಿಸಿದಾಗ ಅಲ್ಲಿಯೂ ಅದೇ ಸೊರಗು ಕಂಡಿತು. ಹಾಗಾದರೆ ದೋಷ ಮೆಮೊರಿಯ ಜೋಡಣೆಯದ್ದಾಗಿರಲು ಸಾಧ್ಯವಿಲ್ಲ. ಕೆಲಸಗಳನ್ನು ಕೋರ್‌ಗಳಿಗೆ ಹಂಚುವ ವಿಂಡೋಸ್‌ನ ಷೆಡ್ಯೂಲರ್, ಎರಡಕ್ಕಿಂತ ಹೆಚ್ಚು ತುಂಡುಗಳಿದ್ದಾಗ, ನಡೆಯುತ್ತಿರುವ ಕೆಲಸವನ್ನು ಒಂದು ಕಡೆ ನೆಲೆಯೂರಲು ಬಿಡದೆ ಸುಮ್ಮನೆ ಎತ್ತಿ ಸಾಗಿಸುತ್ತಲೇ ಇತ್ತು. ಗೋಡೆ ಕಟ್ಟುತ್ತಿರುವ ಗಾರೆಯವನನ್ನು ಮೇಸ್ತ್ರಿ ಗಳಿಗೆಗೊಮ್ಮೆ ಕರೆದು ‘ಆ ಮೂಲೆಗೆ ಹೋಗು, ಈ ಮೂಲೆಗೆ ಬಾ’ ಎನ್ನುತ್ತಿದ್ದರೆ ಗೋಡೆ ಏಳುವುದೆಲ್ಲಿಂದ! ಓಡುತ್ತಿರುವ ಪ್ರೋಗ್ರಾಂನ ಕೋರ್ ಹಂಚಿಕೆಯನ್ನು ಹೊರಗಿನಿಂದ ಬದಲಿಸುವ ಕೋರ್‌ಪ್ರಿಯೋ ಎಂಬ ಪುಟ್ಟ ಉಪಕರಣವನ್ನು ಬಳಸಿದೊಡನೆ ಕೆಲವು ಪರೀಕ್ಷೆಗಳ ವೇಗ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಒಂದೇ ಒಂದು ಸ್ಕ್ರೂ ಬಿಚ್ಚದೆ, ಹಣ ಕೊಟ್ಟು ಕೊಂಡ ಪ್ರೊಸೆಸರ್‌ನ ಉಳಿದ ಅರ್ಧ ಅಲ್ಲಿಯೇ ಸಿಕ್ಕಿತು.

ವಿಂಡೋಸನ್ನು ದೂಷಿಸುವುದು ನನ್ನ ಉದ್ದೇಶವಲ್ಲ. 1999ರ ಏಪ್ರಿಲ್‌ನಲ್ಲಿ ಮೈಂಡ್‌ಕ್ರಾಫ್ಟ್ ಎಂಬ ಪರೀಕ್ಷಾ ಸಂಸ್ಥೆ ನಾಲ್ಕು ಪ್ರೊಸೆಸರ್‌ಗಳ ಸರ್ವರ್ ಒಂದರ ಮೇಲೆ ವಿಂಡೋಸ್ ಎನ್‌ಟಿಯನ್ನು ಮತ್ತು ಲಿನಕ್ಸನ್ನು ಹೋಲಿಸಿ, ಕಡತ ಹಂಚಿಕೆಯಲ್ಲಿ ಎನ್‌ಟಿ 2.5 ಪಟ್ಟು, ವೆಬ್ ಸೇವೆಯಲ್ಲಿ 3.7 ಪಟ್ಟು ಮುಂದಿದೆ ಎಂದು ಹೇಳಿತು. ಪರೀಕ್ಷೆಗೆ ಹಣ ಕೊಟ್ಟದ್ದು ಮೈಕ್ರೋಸಾಫ್ಟ್ ಎಂದು ತಿಳಿದಾಗ ಲಿನಕ್ಸ್ ಬಳಗ ಸಿಟ್ಟಿಗೆದ್ದದ್ದು ಸಹಜವೇ. ಆದರೆ ಲಿನಕ್ಸ್ ಪರಿಣತರ ಎದುರಲ್ಲೇ ಪರೀಕ್ಷೆಯನ್ನು ಮತ್ತೆ ನಡೆಸಿದಾಗ ಅಂತರ ಕಡಿಮೆಯಾಯಿತೇ ಹೊರತು ಗೆದ್ದದ್ದು ಎನ್‌ಟಿಯೇ. ಹಲವು ಪ್ರೊಸೆಸರ್‌ಗಳೂ ಹಲವು ನೆಟ್‌ವರ್ಕ್ ಕಾರ್ಡ್‌ಗಳೂ ಇದ್ದಾಗ ಲಿನಕ್ಸ್ ಕರ್ನಲ್‌ನ ನೆಟ್‌ವರ್ಕ್ ಭಾಗ ಒಂದೇ ಬೀಗಕ್ಕಾಗಿ ಸಾಲು ನಿಲ್ಲುತ್ತಿತ್ತು. ಬೈದುಕೊಂಡೇ ಅದನ್ನು ಸರಿಪಡಿಸಿದರು, ಮುಂದಿನ ಕರ್ನಲ್‌ಗಳು ಚುರುಕಾದವು. ಇಂದು ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಲಿನಕ್ಸ್ ಬಿಟ್ಟರೆ ಬೇರೊಂದಿಲ್ಲ; ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸಜ್ಜಾದ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗವೂ ಲಿನಕ್ಸ್ ಮೇಲೆಯೇ ನಡೆಯುತ್ತದೆ. ಅಂಥ ದೊಡ್ಡ ಯಂತ್ರದಲ್ಲಿ ಗೆಲ್ಲುವ ಗುಣವೇ ಮನೆಯ ಲ್ಯಾಪ್‌ಟಾಪ್‌ನಲ್ಲೂ ಗೆಲ್ಲುತ್ತದೆ ಎಂದೇನೂ ಇಲ್ಲ.

ಒಂದೇ ವಿಂಡೋಸ್‌ನ ಎರಡು ಆವೃತ್ತಿಗಳ ನಡುವೆಯೂ ಅಂಕ ನಿಲ್ಲುವುದಿಲ್ಲ. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದಾಗ ಎಎಂಡಿ ರೈಜನ್ ಪ್ರೊಸೆಸರ್‌ಗಳ ಎಲ್3 ಕ್ಯಾಶ್‌ನ (ಪ್ರೊಸೆಸರ್‌ನೊಳಗಿನ ವೇಗದ ತಾತ್ಕಾಲಿಕ ಮೆಮೊರಿಯ) ವಿಳಂಬ ಸುಮಾರು ಮೂರು ಪಟ್ಟು ಹೆಚ್ಚಾಗಬಹುದು, ಕೆಲವು ತಂತ್ರಾಂಶಗಳು ಶೇ 3ರಿಂದ 5, ಕೆಲವು ಆಟಗಳು ಶೇ 10ರಿಂದ 15ರಷ್ಟು ನಿಧಾನವಾಗಬಹುದು ಎಂದು ಎಎಂಡಿಯೇ ಒಪ್ಪಿಕೊಂಡಿತ್ತು. ಅದೇ ತಿಂಗಳೊಳಗೆ ತಿದ್ದುಪಡಿಯೂ ಬಂತು. ಆ ಎರಡು ಮೂರು ವಾರಗಳಲ್ಲಿ ಅಳೆದು ಪ್ರಕಟಿಸಿದ ಅಂಕಗಳು ಮಾತ್ರ ಹಾಗೆಯೇ ಉಳಿದುಕೊಂಡವು. 2024ರ ಆಗಸ್ಟ್‌ನಲ್ಲಿ ರೈಜನ್ 9000 ಸರಣಿ ಬಂದಾಗ ಕಂಪನಿ ಹೇಳಿದ ವೇಗ ವಿಮರ್ಶಕರಿಗೆ ಸಿಗಲಿಲ್ಲ. ತಾವು ವಿಶೇಷ ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ ಪರೀಕ್ಷಿಸಿದ್ದೆವು, ಸಾಮಾನ್ಯ ಖಾತೆಗಳಿಗೆ ಆ ಸುಧಾರಣೆ ವಿಂಡೋಸ್‌ನ ಮುಂದಿನ ಆವೃತ್ತಿಯಲ್ಲಿ ಬರಲಿದೆ ಎಂದು ಕಂಪನಿ ವಿವರಿಸಿತು. ಯಾವ ಖಾತೆಯಿಂದ ಒಳಹೊಕ್ಕಿದ್ದೀರಿ ಎಂಬುದೂ ಅಂಕದ ಭಾಗವಾಗುವ ಕಾಲ ಇದು.

ಭದ್ರತೆಗೂ ಬೆಲೆ ತೆರಬೇಕಾಗುತ್ತದೆ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷಗಳು ಬಯಲಾದಾಗ ಎಲ್ಲ ಆಪರೇಟಿಂಗ್ ಸಿಸ್ಟಂಗಳೂ ತೇಪೆ ಹಾಕಬೇಕಾಯಿತು. ಪ್ರೋಗ್ರಾಂ ಮತ್ತು ಕರ್ನಲ್‌ಗಳ ನಡುವಿನ ಹೋಗಿಬರುವಿಕೆ ಪ್ರತಿ ಸಲವೂ ಮೊದಲಿಗಿಂತ ದುಬಾರಿಯಾಯಿತು. ವಿಂಡೋಸ್ 7 ಮತ್ತು 8ರಲ್ಲಿ ಅಕ್ಷರಗಳನ್ನು ಮೂಡಿಸುವ ಕೆಲಸವೂ ಕರ್ನಲ್‌ನೊಳಗೇ ನಡೆಯುತ್ತಿದ್ದುದರಿಂದ ಹಳೆಯ ಪ್ರೊಸೆಸರ್‌ಗಳ ಮೇಲೆ ಅವು ವಿಂಡೋಸ್ 10ಕ್ಕಿಂತ ಹೆಚ್ಚು ಬಳಲುತ್ತವೆ ಎಂದು ಮೈಕ್ರೋಸಾಫ್ಟ್ ಆಗಲೇ ಹೇಳಿತ್ತು. ವಿಂಡೋಸ್ 11ರ ‘ಮೆಮೊರಿ ಇಂಟೆಗ್ರಿಟಿ’ ಎಂಬ ಕಾವಲು ಆನ್ ಆಗಿದೆಯೋ ಆಫ್ ಆಗಿದೆಯೋ ಎಂಬುದರ ಮೇಲೂ ಆಟಗಳ ವೇಗ ಬದಲಾಗುತ್ತದೆ.

ಇದುವರೆಗೆ ಹೇಳಿದ್ದು ಒಂದೇ ಕೆಲಸವನ್ನು ಬೇಗ ಅಥವಾ ನಿಧಾನ ಮಾಡುವ ಮಾತು. ಎರಡು ಆಪರೇಟಿಂಗ್ ಸಿಸ್ಟಂಗಳು ಒಂದೇ ಹೆಸರಿನ ಅಡಿಯಲ್ಲಿ ಬೇರೆ ಬೇರೆ ಕೆಲಸವನ್ನೇ ಮಾಡುತ್ತಿದ್ದರೆ? ಇದಕ್ಕೆ ಒಳ್ಳೆಯ ಉದಾಹರಣೆ ‘ಎಫ್‌ಸಿಂಕ್’ ಎಂಬ ಆದೇಶ. ಬ್ಯಾಂಕಿನ ಲೆಕ್ಕವನ್ನೋ ಅಂಗಡಿಯ ಬಿಲ್ಲನ್ನೋ ಬರೆದ ಡೇಟಾಬೇಸ್, ‘ಇದನ್ನು ಡಿಸ್ಕಿಗೆ ಭದ್ರವಾಗಿ ಸೇರಿಸು, ಸೇರಿಸಿದ ಮೇಲೆ ಹೇಳು’ ಎಂದು ಕೊಡುವ ಆದೇಶ ಅದು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಡಿಸ್ಕು ತನ್ನ ತಾತ್ಕಾಲಿಕ ಕ್ಯಾಶನ್ನೂ ಖಾಲಿ ಮಾಡಿ ಬರೆದಾದ ಮೇಲೆಯೇ ‘ಆಯಿತು’ ಎಂಬ ಉತ್ತರ ಬರುತ್ತದೆ. ಮ್ಯಾಕ್ ಓಎಸ್‌ನಲ್ಲಿ ದತ್ತಾಂಶ ಡಿಸ್ಕಿನ ಕೈಗೆ ಸೇರಿದೊಡನೆ ‘ಆಯಿತು’ ಎನ್ನಲಾಗುತ್ತದೆ. ಡಿಸ್ಕು ಅದನ್ನು ಇನ್ನೂ ತನ್ನ ಕ್ಯಾಶ್‌ನಲ್ಲೇ ಇಟ್ಟುಕೊಂಡಿರಬಹುದು. ಪೂರ್ತಿ ಬರೆಯಿಸಬೇಕಾದರೆ ‘ಎಫ್ ಫುಲ್ ಎಫ್‌ಸಿಂಕ್’ ಎಂಬ ಬೇರೆಯೇ ಆದೇಶವಿದೆ ಎಂದು ಆಪಲ್‌ನ ಕೈಪಿಡಿಯೇ ತಿಳಿಸುತ್ತದೆ. ಮುಚ್ಚುಮರೆಯೇನೂ ಇಲ್ಲ, ಆದರೆ ಕೈಪಿಡಿ ಓದುವವರಾರು? ಹೀಗಾಗಿ ಡೇಟಾಬೇಸ್ ಪರೀಕ್ಷೆಯೊಂದನ್ನು ಎರಡೂ ಕಡೆ ಓಡಿಸಿ ಮ್ಯಾಕ್ ಹಲವು ಪಟ್ಟು ಮುಂದಿದೆ ಎಂದು ಬರೆದರೆ, ಅಂಚೆಯ ಡಬ್ಬಿಗೆ ಪತ್ರ ಹಾಕಿ ಬಂದವನನ್ನೂ, ಮನೆ ಬಾಗಿಲಿಗೆ ಮುಟ್ಟಿಸಿ ಸಹಿ ಹಾಕಿಸಿಕೊಂಡು ಬಂದವನನ್ನೂ ಒಂದೇ ಓಟದಲ್ಲಿ ನಿಲ್ಲಿಸಿದಂತೆ. ಬಿಲ್ ಮಾಡುವ ಹೊತ್ತಿಗೇ ಕರೆಂಟ್ ಹೋಗುವ ಊರುಗಳಲ್ಲಿ ಈ ವ್ಯತ್ಯಾಸ ಬರೀ ಪಾಂಡಿತ್ಯದ ವಿಷಯವಾಗಿ ಉಳಿಯುವುದಿಲ್ಲ.

ಕಡತಗಳ ವಿಷಯದಲ್ಲಿ ಇನ್ನೊಂದು ಸಂಗತಿ. ವಿಂಡೋಸ್‌ನೊಳಗೇ ಲಿನಕ್ಸ್ ಪ್ರೋಗ್ರಾಂಗಳನ್ನು ಓಡಿಸುವ ಮೈಕ್ರೋಸಾಫ್ಟ್‌ನ ಏರ್ಪಾಡು 2016ರಲ್ಲಿ ಬಂದಾಗ ಲಿನಕ್ಸ್ ಪ್ರೋಗ್ರಾಂನ ಪ್ರತಿ ಕೋರಿಕೆಯನ್ನೂ ವಿಂಡೋಸ್‌ನ ಕೋರಿಕೆಯಾಗಿ ಅನುವಾದಿಸುತ್ತಿತ್ತು. ಸಾವಿರಾರು ಸಣ್ಣ ಕಡತಗಳನ್ನು ತೆರೆದು ಮುಚ್ಚುವ ಕೆಲಸಗಳಲ್ಲಿ ಅದು ತೆವಳುತ್ತಿತ್ತು. 2019ರಲ್ಲಿ ಪ್ರಕಟಿಸಿದ ಎರಡನೆಯ ಆವೃತ್ತಿಯಲ್ಲಿ ಅನುವಾದವನ್ನು ಬಿಟ್ಟು ನಿಜವಾದ ಲಿನಕ್ಸ್ ಕರ್ನಲ್ಲನ್ನೇ ಒಳಗೆ ಕೂರಿಸಿದಾಗ, ಕುಗ್ಗಿಸಿದ ಕಡತಗಳ ಗಂಟನ್ನು ಬಿಚ್ಚುವ ಕೆಲಸ ಮೊದಲಿಗಿಂತ 20 ಪಟ್ಟಿನವರೆಗೂ ಬೇಗವಾಯಿತು ಎಂದು ಮೈಕ್ರೋಸಾಫ್ಟ್‌ನವರೇ ಹೇಳಿದರು. ಡಿಸ್ಕಾಗಲಿ ಪ್ರೊಸೆಸರ್ ಆಗಲಿ ಬದಲಾಗಿರಲಿಲ್ಲ.

ಗಡಿಯಾರವನ್ನೂ ಆಪರೇಟಿಂಗ್ ಸಿಸ್ಟಂನಿಂದಲೇ ಕೇಳಬೇಕು ಎಂದೆನಷ್ಟೆ. ಪ್ರೊಸೆಸರನ್ನು ಮಿತಿಮೀರಿ ಓಡಿಸಿ ದಾಖಲೆ ಮಾಡುವ ಹವ್ಯಾಸಿಗಳ ಅಂಕಪಟ್ಟಿಯನ್ನು ನಡೆಸುವ ಎಚ್‌ಡಬ್ಲ್ಯುಬಾಟ್, 2013ರ ಆಗಸ್ಟ್‌ನಲ್ಲಿ ವಿಂಡೋಸ್ 8ರ ಮೇಲೆ ಬಂದ ಅಂಕಗಳನ್ನು ಸ್ವೀಕರಿಸುವುದಿಲ್ಲ ಎಂದು ಸಾರಿತು. ವಿಂಡೋಸ್ ನಡೆಯುತ್ತಿರುವಾಗಲೇ ಯಂತ್ರದ ಮೂಲ ತಾಳವನ್ನು (ಬೇಸ್ ಕ್ಲಾಕ್) ಬದಲಿಸಿದರೆ ಅದರ ಗಡಿಯಾರವೂ ಹಿಂದೆ ಮುಂದೆ ಸರಿಯುತ್ತಿದ್ದುದೇ ಕಾರಣ. ನಿಧಾನ ನಡೆಯುವ ಗಡಿಯಾರದಲ್ಲಿ ಎಲ್ಲರೂ ವೇಗದ ಓಟಗಾರರೇ! ನಿರ್ಬಂಧವನ್ನು ಆಮೇಲೆ ಸಡಿಲಿಸಿದರು, ಸಾಮಾನ್ಯ ಬಳಕೆದಾರರಿಗೆ ಇದರಿಂದ ತೊಂದರೆಯೂ ಇರಲಿಲ್ಲ.

ಇನ್ನು ನಮ್ಮ ವಿದ್ಯಾರ್ಥಿಯ ಲ್ಯಾಪ್‌ಟಾಪ್. ಅದರಲ್ಲಿ ವಿಂಡೋಸ್ ಜೊತೆಗೆ ತಯಾರಕರದ್ದೇ ಒಂದು ಪವರ್ ತಂತ್ರಾಂಶವಿತ್ತು, ಅದನ್ನು ಹುಡುಗ ಎಂದೋ ಗರಿಷ್ಠ ವೇಗಕ್ಕೆ ಇಟ್ಟು ಮರೆತಿದ್ದ. ಹಾಗೆ ಇಟ್ಟಾಗ ಪ್ರೊಸೆಸರ್‌ಗೆ ಹೆಚ್ಚು ವಿದ್ಯುತ್ ಎಳೆದುಕೊಳ್ಳಲು ಅನುಮತಿ ಸಿಗುತ್ತದೆ. ಉಬುಂಟುವಿನಲ್ಲಿ ಆ ತಂತ್ರಾಂಶ ಇಲ್ಲ, ಮೇಲಾಗಿ ಅದು ಬ್ಯಾಟರಿ ಉಳಿಸುವ ಕ್ರಮದಲ್ಲಿತ್ತು, ಚಾರ್ಜರ್ ಕೂಡ ಸಿಕ್ಕಿಸಿರಲಿಲ್ಲ. ಚಾರ್ಜರ್ ಸಿಕ್ಕಿಸಿ, ಕ್ರಮ ಬದಲಿಸಿ, ಯಂತ್ರ ತಣ್ಣಗಾಗುವವರೆಗೆ ಕಾಫಿ ಕುಡಿದು, ಮತ್ತೆ ಮೂರು ಸಲ ಓಡಿಸಿದಾಗ ಅಂತರದ ಬಹುಭಾಗ ಕರಗಿತು. ಸ್ವಲ್ಪ ಉಳಿಯಿತು. ಆ ಉಳಿದ ಸ್ವಲ್ಪ ಎಲ್ಲಿಂದ ಬಂತು ಎಂದು ಹುಡುಕುವುದೇ ನಿಜವಾದ ಅಭ್ಯಾಸ ಎಂದು ಅವನಿಗೆ ಹೇಳಿ ಕಳಿಸಿದೆ. ಇನ್ನೂ ಹುಡುಕುತ್ತಿದ್ದಾನೆಂದು ಕಾಣುತ್ತದೆ.

ಹಾಗಾದರೆ ಬೆಂಚ್‌ಮಾರ್ಕ್‌ಗಳೇ ಬೇಡವೆನ್ನುವವರ ಪೈಕಿ ನಾನಲ್ಲ. ಎರಡು ಆಪರೇಟಿಂಗ್ ಸಿಸ್ಟಂಗಳ ಅಂಕಗಳನ್ನು ಎದುರುಬದುರು ಇಟ್ಟು ನೋಡದೆ ಹೋಗಿದ್ದರೆ ಥ್ರೆಡ್‌ರಿಪ್ಪರ್‌ನ ದೋಷ ಮೆಮೊರಿಯ ತಲೆಯ ಮೇಲೆಯೇ ಉಳಿದುಬಿಡುತ್ತಿತ್ತು. ಹಿಂದೆ ಒಂದೂರಿನ ಸೇರಿಗೂ ಪಕ್ಕದೂರಿನ ಸೇರಿಗೂ ವ್ಯತ್ಯಾಸವಿದ್ದಾಗ ನಮ್ಮ ಹಿರಿಯರು ವ್ಯಾಪಾರ ನಿಲ್ಲಿಸಲಿಲ್ಲ, ‘ಯಾವೂರಿನ ಸೇರು’ ಎಂದು ಕೇಳಿಕೊಂಡು ಬೆಲೆ ಮಾತಾಡಿದರು. ಬೆಂಚ್‌ಮಾರ್ಕ್‌ಗಳನ್ನು ರೂಪಿಸಲೆಂದು 1988ರಲ್ಲಿ ಸ್ಥಾಪನೆಯಾದ ಸ್ಪೆಕ್ ಎಂಬ ಸಂಸ್ಥೆಯ ನಿಯಮವೂ ಅದೇ: ಅಂಕ ಪ್ರಕಟಿಸುವವರು ಆಪರೇಟಿಂಗ್ ಸಿಸ್ಟಂ, ಕಂಪೈಲರ್, ಅದಕ್ಕೆ ಕೊಟ್ಟ ಸೂಚನೆಗಳು, ಕಡತ ವ್ಯವಸ್ಥೆ ಎಲ್ಲವನ್ನೂ ಬರೆದು ಕೊಡಬೇಕು. ಹಾಗೆ ಬರೆದದ್ದು ಕಣ್ಣೆದುರಿಗೆ ಇದ್ದುದರಿಂದಲೇ, ಇಂಟೆಲ್‌ನ ಕಂಪೈಲರ್ ಒಂದು ಪರೀಕ್ಷೆಗೆಂದೇ ಹೊಂದಿಸಿದ ಜಾಣ್ಮೆಯನ್ನು ಬಳಸಿದೆ ಎಂದು ತಿಳಿದಾಗ, ಯಾವ ಯಾವ ಅಂಕಗಳಿಗೆ ಅದು ತಗುಲುತ್ತದೆ ಎಂದು ಗುರುತಿಸಲು ಸಾಧ್ಯವಾಗಿ, 2024ರಲ್ಲಿ 2,600ಕ್ಕೂ ಹೆಚ್ಚು ಅಂಕಗಳ ಮೇಲೆ ಎಚ್ಚರಿಕೆಯ ಷರಾ ಬಿತ್ತು.

ತಮ್ಮ ಪತ್ರಿಕೆಯಿಂದ ಅಷ್ಟೆಲ್ಲ ಅಪೇಕ್ಷಿಸುವುದಿಲ್ಲ. ಪ್ರತಿ ಅಂಕದ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ಸಾಕು: ಬೆಂಚ್‌ಮಾರ್ಕ್‌ನ ಹೆಸರು ಮತ್ತು ಆವೃತ್ತಿ, ಆಪರೇಟಿಂಗ್ ಸಿಸ್ಟಂ ಮತ್ತು ಅದರ ಆವೃತ್ತಿ, ಚಾರ್ಜರ್ ಇತ್ತೇ ಇಲ್ಲವೇ, ಪವರ್ ಕ್ರಮ ಯಾವುದು, ಪರೀಕ್ಷಿಸಿದ ತಿಂಗಳು ಯಾವುದು. ಬೇರೆ ಬೇರೆ ಆಪರೇಟಿಂಗ್ ಸಿಸ್ಟಂಗಳ ಯಂತ್ರಗಳನ್ನು ಬೇರೆ ಬೇರೆ ಪಟ್ಟಿಗಳಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು. ಶಾಲಾ ಕಾಲೇಜುಗಳ ಪ್ರಯೋಗಾಲಯಗಳಿಗೆ ಕಂಪ್ಯೂಟರ್ ಕೊಳ್ಳಲು ಟೆಂಡರ್ ಬರೆಯುವವರಲ್ಲಿಯೂ ಇದೇ ಮನವಿ: ಮಕ್ಕಳು ಕೊನೆಗೆ ಲಿನಕ್ಸ್ ಮೇಲೆಯೇ ಕಲಿಯುವುದಾದರೆ ವಿಂಡೋಸ್ ಮೇಲೆ ಅಳೆದ ಅಂಕವನ್ನು ಅರ್ಹತೆಯಾಗಿ ಕೇಳುವ ಬದಲು, ಒಂದು ಯಂತ್ರವನ್ನು ತರಿಸಿ, ಬಳಸಲಿರುವ ಆಪರೇಟಿಂಗ್ ಸಿಸ್ಟಂ ಹಾಕಿ, ಬಳಸಲಿರುವ ತಂತ್ರಾಂಶವನ್ನೇ ಓಡಿಸಿ ನೋಡಲಿ. ಅರ್ಧ ದಿನದ ಕೆಲಸ ಅದು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ, ಹಾಸನ